ಮುಳ್ಳುಮಾವನ ಎರಡು ಕಿಲೋ

ಮಾರುಕಟ್ಟೆ ಬೀದಿಯಲ್ಲಿ ನಲವತ್ತು ವರ್ಷ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡಿದವನನ್ನು ಜನ ಮುಳ್ಳುಮಾವ ಎಂದೇ ಕರೆಯುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಆಚೀಚೆಯಾದರೂ ಆಸಾಮಿಗೆ ಊಟ ಸೇರುತ್ತಿರಲಿಲ್ಲ. ಸುಳ್ಳು ತೂಕ ಮಾಡಿಕೊಡು ಎಂದು ಬಂದ ವ್ಯಾಪಾರಿಗಳಿಗೆ ಚಳಿ ಬಿಡಿಸಿ ಕಳಿಸುತ್ತಿದ್ದ.

ಈಗ ಅವನ ಹೃದಯವೇ ಸೋತಿತ್ತು. ದಿನಾ ಬೆಳಿಗ್ಗೆ ಅವನು ಯಂತ್ರ ಹತ್ತಬೇಕು, ಹೆಂಡತಿ ತೂಕ ಓದಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ತೂಕ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದರ್ಥ.

ಅವನಿಗಿದ್ದದ್ದು ಒಂದೇ ಹಂಬಲ. ತಾಯಿಯಿಲ್ಲದ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನನ್ನು ನೋಡಬೇಕು. ರೈಲಿನಲ್ಲಿ ಒಂದು ಹಗಲಿನ ದಾರಿ. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು.

“ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ಮುಖ ತೋರಿಸಿ ಹೋಗೋ,” ಎನ್ನುತ್ತಿದ್ದಳು ಫೋನಿನಲ್ಲಿ.

“ಹೃದಯದ ಹೊಸ ಮಾತ್ರೆ ಕಿಡ್ನಿಗೆ ಒಗ್ಗುತ್ತಾ ನೋಡೋಣ. ರಕ್ತದ ರಿಪೋರ್ಟ್ ತಂದು ತೋರಿಸಿ, ಆಮೇಲೆ ಹೋಗೋರಂತೆ,” ಎಂದಿದ್ದರು ಡಾಕ್ಟರಮ್ಮ.

ರಿಪೋರ್ಟು ಬಂತು. ಕಿಡ್ನಿಯ ಹಣೆಬರಹ ಹೇಳುವ ಕ್ರಿಯಾಟಿನಿನ್ ಒಂದು ಪಾಯಿಂಟ್ ಮೂರರಿಂದ ಒಂದೂವರೆಗೆ ಏರಿತ್ತು. ಇದನ್ನು ತೋರಿಸಿದರೆ ಪ್ರಯಾಣಕ್ಕೆ ಕಲ್ಲು ಬಿತ್ತು ಎಂದುಕೊಂಡ ಮುಳ್ಳುಮಾವ. ಚೀಟಿಯನ್ನು ಜೇಬಿಗಿಳಿಸಿ, ಯಾರಿಗೂ ಹೇಳದೆ ಆ ಮಾತ್ರೆ ನಿಲ್ಲಿಸಿದ. ಕಿಡ್ನಿ ಸುಧಾರಿಸಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿಸಿ ಒಳ್ಳೆಯ ಚೀಟಿ ಒಯ್ಯುವ ಹಂಚಿಕೆ. ಎಂಥ ಬುದ್ಧಿವಂತ! ವಾರದೊಳಗೆ ಪಾದ ಊದಿತು, ತೂಕ ಎರಡು ಕಿಲೋ ಏರಿತು. ಆಗ ಅವನು ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಯಂತ್ರದ ತಿರುಪು ತಿರುಗಿಸಿ ಮುಳ್ಳನ್ನು ಎರಡು ಕಿಲೋ ಕೆಳಗಿಳಿಸಿದ.

ಮರುದಿನ ಹೆಂಡತಿ ಅವನ ತೂಕ ಬರೆದುಕೊಂಡು ಸುಮ್ಮನೆ ತಾನೂ ಹತ್ತಿ ನಿಂತಳು.

“ರೀ, ಇಲ್ನೋಡಿ! ಎರಡು ಕಿಲೋ ಇಳ್ದಿದ್ದೀನಿ ನಾನು!”

ಅವಳ ಹಿಗ್ಗು ನೋಡಿ ಅವನು ಜೇಬಿನ ಚೀಟಿ ತೆಗೆದು ಅವಳ ಕೈಗಿಟ್ಟ.

“ಇಳ್ದಿಲ್ಲ ಕಣೇ. ತಿರುಪು ನಾನೇ ತಿರುಗಿಸಿದ್ದು,” ಎಂದ. ಮಾತ್ರೆ ಬಿಟ್ಟದ್ದನ್ನೂ ಹೇಳಿದ. ಅವಳು ಬೈಯಲಿಲ್ಲ. ಅವನ ಚಪ್ಪಲಿ ತಂದು ಮುಂದಿಟ್ಟಳು.

ಡಾಕ್ಟರಮ್ಮ ಚೀಟಿ ನೋಡಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ಯಜಮಾನ್ರೇ, ಈ ಮಾತ್ರೆ ಶುರು ಮಾಡ್ದಾಗ ಇಷ್ಟು ಏರೋದು ಸಹಜ. ಆವತ್ತೇ ತಂದಿದ್ರೆ ಹೋಗಿ ಬನ್ನಿ ಅಂತಿದ್ದೆ. ಈಗ ನೀರಿಳಿಯೋವರೆಗೂ ಇಲ್ಲೇ ಇರಬೇಕು.”

ಆಸ್ಪತ್ರೆಯಲ್ಲಿ ಎರಡು ವಾರ, ಮನೆಯಲ್ಲಿ ಇನ್ನೊಂದು ವಾರ ಕಳೆಯಿತು. ಮುಳ್ಳುಮಾವ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ. ಡಾಕ್ಟರಮ್ಮ ಒಪ್ಪಿದ ದಿನವೇ ಅಕ್ಕನಿಗೆ ಫೋನ್ ಮಾಡಿ, ಬುಧವಾರದ ರೈಲಿಗೆ ಬರುತ್ತೇನೆ ಎಂದ.

“ಬಾರೋ ಮರಿ. ಹೋದ ವಾರದಿಂದ ಕಿಟಕಿ ಬೆಳಕೂ ಕಾಣ್ತಿಲ್ಲ ನಂಗೆ. ಇರ್ಲಿ ಬಿಡು, ನಾನೇ ತೊಳೆದು ಬೆಳೆಸಿದ ಮುಖ. ಮುಟ್ಟಿದ್ರೆ ಗೊತ್ತಾಗುತ್ತೆ.”

ಬುಧವಾರ ಬೆಳಿಗ್ಗೆ ಹೆಂಡತಿ ಎದ್ದು ಬಂದಾಗ, ಅವನು ಕನ್ನಡಿಯ ಮುಂದೆ ಕೂತು ಎರಡನೇ ಸಲ ಗಡ್ಡ ಹೆರೆದುಕೊಳ್ಳುತ್ತಿದ್ದ.