ನಾಲ್ಕು ಬೆರಳು ತಗ್ಗಿದ ಕಾರು

ನಾನು ಕಾರು ಕೊಂಡದ್ದು ಅಕ್ಕನಿಗಾಗಿ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಮಧುಗಿರಿ ಕೋರ್ಟಿನಲ್ಲಿ ನಾನಿನ್ನೂ ಎಳೆಯ ವಕೀಲ. ಅಕ್ಕ ನನಗಿಂತ ಹದಿನಾರು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಹಟ ಹಿಡಿದು ಓದಿ, ಸ್ಕೂಲಿನ ಕೆಲಸಕ್ಕೆ ಸೇರಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿ, ಕರಿ ಕೋಟು ತೊಡಿಸಿದವಳು ಅವಳೇ. ಮನೆಯಲ್ಲಿ ನಾವಿಬ್ಬರೇ.

ಅವಳ ಸ್ಕೂಲು ಇದ್ದದ್ದು ಕೊರಟಗೆರೆ ರಸ್ತೆಯಲ್ಲಿ ಆರು ಮೈಲಿ ಹೋಗಿ, ಅಲ್ಲಿಂದ ಗಾಡಿ ಜಾಡಿನಲ್ಲಿ ಒಂದು ಮೈಲಿ ನಡೆದರೆ ಸಿಗುವ ಹಳ್ಳಿಯಲ್ಲಿ. ಒಂದೇ ಕೋಣೆ, ನಾಲ್ಕು ಕ್ಲಾಸು, ಪಾಠಕ್ಕೆ ಅವಳೊಬ್ಬಳೇ. ಬಸ್ಸಿನಲ್ಲಿ ಹೋಗಿ, ಆ ಒಂದು ಮೈಲಿ ನಡೆದು, ಸಂಜೆ ಹಾಗೆಯೇ ವಾಪಸು ಬರುತ್ತಿದ್ದಳು. ಒಂದು ಚಳಿಗಾಲದ ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲಿಗೆ ಪೆಟ್ಟು. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದು ಎದ್ದಾಗ ಎಡಗಾಲು ಕೋಲಿನ ಹಾಗೆ ಬಿಗಿದುಕೊಂಡಿತ್ತು. ನಿಧಾನವಾಗಿ ನಡೆಯುತ್ತಿದ್ದಳು, ನಿಂತು ಪಾಠ ಹೇಳಬಲ್ಲಳು. ಆದರೆ ಆ ಕಾಲನ್ನು ಒಂದು ಗೇಣಿಗಿಂತ ಮೇಲೆ ಎತ್ತಲಾರಳು. ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಮುಗಿದಿತ್ತು.

"ಆ ಊರಲ್ಲೇ ಒಂದು ಕೋಣೆ ನೋಡೋ, ಇದ್ದುಬಿಡ್ತೀನಿ" ಅಂದಳು.

"ಒಬ್ಬಳೇ ಇದ್ದು ಮತ್ತೆ ಬಿದ್ದರೆ ಯಾರು ಎತ್ತೋರು?" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರು ನನ್ನ ಕಕ್ಷಿದಾರರು. ಅವರ ಹತ್ತಿರ ಒಂದು ಹಳೆಯ ಹಸಿರು ಕಾರಿತ್ತು, ಮುಂದೆ ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುವಷ್ಟು ಚಿಕ್ಕದು. "ಬಂಗಾರಂ ಲಾಂಟಿ ಬಂಡಿ ಸ್ವಾಮಿ", ಬಂಗಾರದಂಥ ಗಾಡಿ ಎಂದು ತೆಲುಗಿನಲ್ಲಿ ಹೊಗಳಿದರು. ಮೂಟೆ ಹೇರುವುದಕ್ಕೆಂದು ಕಮಾನಿಗೆ ಹೆಚ್ಚಿಗೆ ಪಟ್ಟಿ ಹಾಕಿಸಿದ್ದೇನೆ ಎಂದೂ ಹೇಳಿದರು. ಚಕ್ರದ ಮೇಲೆ ಕಾರಿನ ಮೈಯನ್ನು ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಕಮಾನು ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಆಗ. ಆ ಹೆಚ್ಚಿಗೆ ಪಟ್ಟಿಗಳಿಂದಾಗಿ ಕಾರು ಕೋಳಿಯ ಹಾಗೆ ಕಾಲೆತ್ತಿ ನಿಂತಿತ್ತು.

ಮನೆ ಮುಂದೆ ತಂದು ನಿಲ್ಲಿಸಿದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಬಾಗಿಲು ಹಿಡಿದು ಕಾಲೆತ್ತಿದಳು. ಆಗಲಿಲ್ಲ. ಮೂರು ಸಲ ನೋಡಿದಳು. ಕಾಲಿಡುವ ಹಲಗೆ ಗೇಣಿನ ಮೇಲೆ ಇನ್ನೂ ನಾಲ್ಕು ಬೆರಳು ಎತ್ತರದಲ್ಲಿತ್ತು. ಒಳಗಿಂದ ಮಣೆ ತಂದು ಇಟ್ಟೆ. ಅದು ಅಲುಗಾಡಿ ಅವಳು ನನ್ನ ಮೇಲೆಯೇ ವಾಲಿದಳು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು.

"ಸ್ವಲ್ಪ ಅಗಲದ ಮಣೆ ಮಾಡಿಸಿದ್ರಾಯ್ತು ಬಿಡೋ. ಹತ್ತುತೀನಿ" ಅಂದಳು ಅಕ್ಕ.

"ಮಣೆ ಬೇಡ, ಗಿಣೆ ಬೇಡ. ನೀನು ಎಲ್ಲರ ಹಾಗೆ ಹತ್ತಬೇಕು" ಅಂದೆ.

ಆಗ ಇದು ಅವಳ ಮರ್ಯಾದೆಯ ಪ್ರಶ್ನೆ ಎಂದುಕೊಂಡಿದ್ದೆ. ನಾಚಿಕೆಯಾಗಿದ್ದು ನನಗೆ, ಅವಳಿಗಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಕಮಾನಿನ ಕೆಲಸಕ್ಕೆ ಶಿರಾಕ್ಕೆ ಹೋಗಿ ಎಂದು ಎಲ್ಲರೂ ಹೇಳಿದರು. ಅಲ್ಲಿ ಬಸ್ಸು, ಲಾರಿಗಳ ಕಮಾನು ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದರು. ಕುಲುಮೆಯ ಹೊಗೆಗೆ ಕಣ್ಣು ಸದಾ ಕೆಂಪು. ಕಾರಿನ ಕೆಳಗೆ ಅಂಗಾತ ಮಲಗಿ ನೋಡಿ, ಎದ್ದು ಬಂದು, ಯಾರಿಗಾಗಿ, ಏನು ತೊಂದರೆ ಎಂದೆಲ್ಲ ಸಾವಧಾನವಾಗಿ ಕೇಳಿದರು.

"ವಕೀಲ್ ಸಾಬ್, ಜಾಸ್ತಿ ಹಾಕಿರೋ ಪಟ್ಟಿ ತೆಗೆದ್ರೆ ಎರಡು ಬೆರಳು ಇಳೀತದೆ. ಅಷ್ಟು ಸಾಕು. ನಾಲ್ಕು ಬೇಕು ಅಂದ್ರೆ ಎಲ್ಲಾ ಪಟ್ಟೀನೂ ಬೆಂಕಿಗೆ ಹಾಕಿ, ಬಾಗು ತಟ್ಟಿ, ಚಪ್ಪಟೆ ಮಾಡ್ಬೇಕು. ಅದು ಬ್ಯಾಡಿ."

"ಯಾಕೆ?"

"ನೀವು ಹೋಗೋ ದಾರಿ ಹೆಂಗದೆ?"

"ಕೊನೆಯ ಒಂದು ಮೈಲಿ ಗಾಡಿ ಜಾಡು."

ಅವರು ತಲೆಯಾಡಿಸಿದರು. "ಗಾಡಿ ಜಾಡಿಗೆ ನಡುವೆ ದಿಬ್ಬ ಇರ್ತದಲ್ಲ. ಮಳೆ ಬಂದ್ರೆ ಚಕ್ರ ಕೆಸರಿಗೆ ಇಳೀತದೆ, ಕಾರಿನ ಹೊಟ್ಟೆ ದಿಬ್ಬದ ಮೇಲೆ ಕೂತ್ಕೊಂತದೆ. ಎರಡು ಬೆರಳು ಇಳಿಸ್ತೀನಿ. ಮಿಕ್ಕಿದ್ದಕ್ಕೆ ಬಾಗಿಲ ಕೆಳಗೆ ಮಡಚೋ ಅಂಥ ಒಂದು ಕಬ್ಬಿಣದ ಮೆಟ್ಟಿಲು ಮಾಡಿ ಕೊಡ್ತೀನಿ. ಅಕ್ಕಾವ್ರು ಆರಾಮಾಗಿ ಹತ್ತಲಿ."

"ಮೆಟ್ಟಿಲು ಬೇಡ ಸಾಹೇಬರೇ."

"ಜಿದ್ದು ಮಾಡ್ಬೇಡಿ ಸಾಬ್."

ಕೋರ್ಟಿನಲ್ಲಿ ಎದುರು ವಕೀಲರಿಗೆ ಉತ್ತರ ಕೊಡುವ ಹುಮ್ಮಸ್ಸಿನಲ್ಲಿಯೇ ನಾನು ಅವರಿಗೂ ಉತ್ತರ ಕೊಟ್ಟೆ. ದಾರಿ ನೋಡಿಕೊಂಡು ಓಡಿಸುತ್ತೇನೆ, ಊರವರಿಗೆ ಹೇಳಿ ದಿಬ್ಬ ಕಡಿಸುತ್ತೇನೆ, ಇನ್ನೂ ಏನೇನೋ. ಅವರು ಕುಲುಮೆಗೆ ಇದ್ದಿಲು ಸುರಿದರು. ಎರಡು ದಿನ ನಾನು ಅಲ್ಲೇ ಕುಳಿತು ನೋಡಿದೆ. ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದರು. ಎಣ್ಣೆಗೆ ಅದ್ದಿದಾಗ ಚೊಂಯ್ ಎಂದು ಹೊಗೆ ಎದ್ದು ಅಂಗಡಿ ತುಂಬುತ್ತಿತ್ತು. ಮತ್ತೆ ಜೋಡಿಸಿ, ನಟ್ಟು ಬಿಗಿದು, ಕಾರನ್ನು ಮರದ ದಿಮ್ಮಿಗಳ ಮೇಲಿಂದ ಇಳಿಸಿದಾಗ ಅದು ನೆಲಕ್ಕೆ ಕುಕ್ಕರಿಸಿದಂತೆ ಕೂತಿತು. ಸಾಹೇಬರು ತಮ್ಮ ಕೈಯಿಂದಲೇ ಅಳೆದರು. ಹಲಗೆ ಸರಿಯಾಗಿ ಒಂದು ಗೇಣಿನ ಎತ್ತರಕ್ಕೆ ಬಂದಿತ್ತು.

ಮರುದಿನ ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಕೂತು, ಬಿಗಿದ ಕಾಲನ್ನು ಎರಡೂ ಕೈಯಲ್ಲಿ ಒಳಗೆ ಎಳೆದುಕೊಂಡು, ಬಾಗಿಲು ತಾನೇ ಹಾಕಿಕೊಂಡಳು. "ಸಾಕು ಕಣೋ, ಇನ್ನೇನು ಬೇಕು" ಅಂದಳು. ಆಮೇಲೆ ಮೂರು ವಾರ ಅವಳು ಸ್ಕೂಲಿಗೆ ಹೋದಳು. ಬೆಳಗ್ಗೆ ಬಿಟ್ಟು ಬಂದು ನಾನು ಕೋರ್ಟಿಗೆ ಹೋಗುತ್ತಿದ್ದೆ, ಸಂಜೆ ಹೋಗಿ ಕರೆತರುತ್ತಿದ್ದೆ. ಗಾಡಿ ಜಾಡಿನಲ್ಲಿ ಕಾರಿನ ಹೊಟ್ಟೆ ಆಗಾಗ ಕಲ್ಲಿಗೆ ತಾಗಿ ಧಡ್ ಅನ್ನುತ್ತಿತ್ತು. ಚಪ್ಪಟೆ ಕಮಾನು ಏನನ್ನೂ ತಡೆಯದೆ ಪೆಟ್ಟನ್ನೆಲ್ಲ ನೇರವಾಗಿ ಸೀಟಿಗೆ ಕೊಡುತ್ತಿತ್ತು. ಪ್ರತಿ ಪೆಟ್ಟಿಗೂ ಅಕ್ಕ ತುಟಿ ಕಚ್ಚುತ್ತಿದ್ದಳು. ನಾನು ನೋಡಿಯೂ ನೋಡದವನಂತೆ ಓಡಿಸುತ್ತಿದ್ದೆ. ದಿಬ್ಬ ಕಡಿಸುವ ಮಾತನ್ನು ಊರವರಿಗೆ ಹೇಳಲೇ ಇಲ್ಲ.

ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಕಾಗದ ಬಂತು. ಅವಳಿಗೆ ಮುಂದೆ ಕೆಲಸ ಮಾಡುವ ಶಕ್ತಿ ಇದೆಯೇ ಎಂದು ನೋಡಲು ಸ್ಕೂಲುಗಳ ಇನ್‌ಸ್ಪೆಕ್ಟರು ಬರುತ್ತಾರೆ, ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಇರಬೇಕು ಎಂದು. ಅಕ್ಕ ಹೆದರಲಿಲ್ಲ. ಹಿಂದಿನ ದಿನವೇ ಬಿಳಿ ಸೀರೆ ಒಗೆದು, ಗಂಜಿ ಹಾಕಿ, ಮಡಿಸಿಟ್ಟಳು.

ಆ ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಗ್ಗೆ ಗಾಡಿ ಜಾಡಿನಲ್ಲಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಕಾರು ಒಂದು ಸಲ ನರಳಿ ನಿಂತುಬಿಟ್ಟಿತು. ಹೊಟ್ಟೆ ದಿಬ್ಬದ ಮೇಲೆ ಕೂತಿತ್ತು. ಚಕ್ರಗಳು ಕೆಸರಿನಲ್ಲಿ ಸುಮ್ಮನೆ ಗಿರಗಿರ ತಿರುಗಿದವು. ಇಳಿದು ಕೈಯಿಂದ ಮಣ್ಣು ಬಗೆದೆ, ಕಲ್ಲು ತುರುಕಿದೆ, ಹಿಂದಿನಿಂದ ನೂಕಿದೆ. ಅಲುಗಲಿಲ್ಲ. ಸುತ್ತಮುತ್ತ ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೊತ್ತಾಯ್ತು. ನಡ್ಕೊಂಡು ಹೋಗ್ತೀನಿ" ಎಂದು ಅಕ್ಕ ಬಾಗಿಲು ತೆರೆದಳು.

"ಎತ್ಕೊಂಡು ಹೋಗ್ತೀನಿ, ಬಾ."

"ಬೇಡ ಕಣೋ. ಇವತ್ತೊಂದು ದಿನ ಎತ್ತಬೇಡ."

ನನ್ನ ಭುಜ ಹಿಡಿದು ನಡೆದಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಎರಡು ಸಲ ಜಾರಿದಳು. ಎರಡನೆಯ ಸಲ ಸೊಂಟದ ಮೇಲೆಯೇ ಬಿದ್ದಳು. ಅವಳ ಬಾಯಿಂದ ಬಂದ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಎಬ್ಬಿಸಿದಾಗ ಸೀರೆಯೆಲ್ಲ ಕೆಸರು, ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ನಡೆದಳು.

ಸ್ಕೂಲಿನ ಜಗುಲಿಯ ಮೇಲೆ ಇನ್‌ಸ್ಪೆಕ್ಟರು ನಿಂತಿದ್ದರು. ಅವರ ಹಿಂದೆ ಮಕ್ಕಳು. ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಗಿತ್ತು. ಅಕ್ಕ ಕಾಲು ಎಳೆದುಕೊಂಡು ಬರುವುದನ್ನು ಎಲ್ಲರೂ ನೋಡಿದರು. ಒಳಗೆ ಹೋಗಿ ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ಹಿಡಿದಳು. ಒಂದು ಸಾಲು ಬರೆಯುವುದರೊಳಗೆ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತಳು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ನೀರು ತರಿಸಿ ಕುಡಿಸಿದರು. "ನಾನು ನೋಡಿದ್ದನ್ನ ಬರೀಲೇಬೇಕಲ್ಲ ತಾಯಿ" ಅಂದರು.

"ಇವತ್ತು ಕಾರು ಸಿಕ್ಕಿಕೊಳ್ತು ಸ್ವಾಮಿ, ದಿನಾ ಹೀಗಲ್ಲ" ಎಂದು ನಾನು ಬೇಡಿಕೊಂಡೆ.

"ದಿನಾ ಬರೋ ದಾರಿ ಇದೇ ಅಲ್ಲವಾ?" ಎಂದು ಕೇಳಿದರು.

ಎರಡು ತಿಂಗಳಲ್ಲಿ ಅವಳನ್ನು ಕೆಲಸದಿಂದ ಬಿಡಿಸಿದ ಆರ್ಡರು ಬಂತು. ಆ ದಿನ ಬಿದ್ದ ಮೇಲೆ ಅವಳು ಮನೆಯೊಳಗೂ ಗೋಡೆ ಹಿಡಿದೇ ಓಡಾಡುವಂತಾಯಿತು. ಕಾರು ಹತ್ತಲಿಲ್ಲ, ಅದರ ಮಾತನ್ನೂ ಆಡಲಿಲ್ಲ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೇನೋ.

ಕಾರನ್ನು ಮಾರಲೆಂದು ಶಿರಾಕ್ಕೆ ಒಯ್ದಾಗ ಸಾಹೇಬರು ಅಂಗಡಿಯಿಂದಲೇ ಕಂಡು, ಕೈ ಒರೆಸಿಕೊಂಡು ಓಡಿ ಬಂದರು.

"ಅಕ್ಕಾವ್ರು ಹತ್ತುತಾರಾ ಸಾಬ್?"

"ಹತ್ತುತಾರೆ" ಅಂದೆ.

"ಶುಕರ್ ಅಲ್ಲಾನದು. ನನಗೇ ಭಯ ಇತ್ತು" ಎಂದು ಮುಖ ಅರಳಿಸಿದರು. ಅಷ್ಟು ಒಳ್ಳೆಯ ಮನುಷ್ಯನಿಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಬೇಡವೆಂದದ್ದನ್ನು, ಮೆಟ್ಟಿಲು ಮಾಡಿಕೊಡುತ್ತೇನೆ ಎಂದದ್ದನ್ನು ಅಕ್ಕನಿಗೂ ಹೇಳಲಿಲ್ಲ. ಅವಳು ಇನ್ನೂ ಆರು ವರ್ಷ ಬದುಕಿದ್ದಳು. ಹೇಳಲು ದಿನಗಳೇನೂ ಕಡಿಮೆ ಇರಲಿಲ್ಲ.

ಆ ಆರು ವರ್ಷದಲ್ಲಿ ಅವಳು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಹಳ್ಳಿಯಿಂದ ಹಳೆಯ ವಿದ್ಯಾರ್ಥಿಗಳು ನೋಡಲು ಬಂದರೆ ಮಗ್ಗುಲಾಗಿ ಮಲಗಿ ನಿದ್ದೆ ಬಂದವಳಂತೆ ಇರುತ್ತಿದ್ದಳು. ಒಂದು ಸಂಜೆ ನಾನು ಕೋರ್ಟಿನಿಂದ ಬಂದಾಗ ಎದುರು ಮನೆಗೆ ಹೊಸದಾಗಿ ಬಂದ ಸಂಸಾರದ ಪುಟ್ಟ ಹೆಣ್ಣುಮಗು ಸ್ಲೇಟು ಹಿಡಿದು ಅವಳ ಮುಂದೆ ನಿಂತಿತ್ತು. "ಇದೇನು ಬರೆದಿರೋದು ಅಂತ ಹೇಳಿಕೊಡಿ ಅಜ್ಜಿ" ಎಂದು ಕೇಳುತ್ತಿತ್ತು.

ಅಕ್ಕ ಸ್ಲೇಟನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ ಅದನ್ನು ವಾಪಸು ಕೊಟ್ಟಳು.

"ನಂಗೆ ಓದೋಕೆ ಬರಲ್ಲ ಕಣಮ್ಮ" ಅಂದಳು.

ಮಗು ನಂಬಿತು. ಸ್ಲೇಟನ್ನು ಎದೆಗೆ ಅವಚಿಕೊಂಡು, ಹೊಸ್ತಿಲು ದಾಟಿ, ಬೇರೆ ಯಾರನ್ನೋ ಕೇಳಲು ಹೋಯಿತು.