ಅವ್ವ ಹಿಡಿದು ನಡೆಯುವ ಗೋಡೆ

ರೋಣದ ನಮ್ಮ ಅಡುಗೆಮನೆಯನ್ನು ದೊಡ್ಡದು ಮಾಡಿಸಲು ಇಬ್ಬರು ಗೌಂಡಿಗಳಿಂದ ಅಂದಾಜು ಕೇಳಿದ್ದೆ. ಇಬ್ಬರೂ ನಡುಗೋಡೆ ಕೆಡವಬೇಕೆಂದರು. ಕಣ್ಣು ಮಂಜಾದ ಅವ್ವ ದೇವರ ಮುಂದೆ ದೀಪ ಹಚ್ಚಲು ಆ ಗೋಡೆ ಹಿಡಿದೇ ಹೋಗುವಾಕಿ.

ಮೂರನೆಯವನು ಅಬ್ಬಿಗೇರಿಯ ಗೌಂಡಿ. ಅವನು ಗೋಡೆಗೆ ಒತ್ತಿ ನಿಂತು ಟೇಪು ಹಿಡಿದಿದ್ದಾಗ ಅವ್ವ ಗೋಡೆ ಸವರುತ್ತ ಬಂದಳು. ಕೈ ಅವನ ಬೆನ್ನಿಗೆ ತಾಗಿತು.

“ನಮ್ಮ ಗ್ವಾಡಿ ಹಿಂಗ್ಯಾಕ ಮೆತ್ತಗಾತು?”

“ನಾ ಗೌಂಡಿ ರೀ, ಅವ್ವಾರ. ಗ್ವಾಡಿ ಕೆಡವಾಕ ಅಳತಿ ನೋಡಾಕ್ಹತ್ತೀನ್ರಿ.”

“ಕೆಡವಪಾ. ಆಮ್ಯಾಲ ದಿನಾ ಸಂಜಿಗೆ ನೀನ ಬಂದು ಇಲ್ಲಿ ನಿಂದರು.”

ಅವನು ಟೇಪು ಸುತ್ತಿ, “ಗ್ವಾಡಿ ಇರ್ಲಿ ಬಿಡ್ರಿ ಯಜಮಾನ್ರ, ಕಿಡಕಿ ದೊಡ್ಡದ ಮಾಡೂಣು,” ಅಂದ.

ಶಿವನ ದಯೆಯಿಂದ ಅವ್ವನ ದೀಪ ಒಂದು ದಿನವೂ ತಪ್ಪಿಲ್ಲ. ಮನೆ ದುರಸ್ತಿಗೆ ಹೊರಟವರು ಸಿಕ್ಕರೆ ಇದನ್ನು ಹೇಳಿರಿ. ನನ್ನ ಹೆಂಡತಿಯ ಮುಂದೆ ಮಾತ್ರ ಬೇಡ, ಅಡುಗೆಮನೆ ಇನ್ನೂ ಇಕ್ಕಟ್ಟೇ ಇದೆ.