ಹಾಲು ಒಡೆಸಿದ ಬಟ್ಟೆ

ಪಪಾಯಿ ಕಾಯಿಗೆ ಗೀರಿದಾಗ ಇಳಿಯುವ ಬಿಳಿ ಸೊನೆಯಲ್ಲಿ ಒಂದು ಕಿಣ್ವವಿದೆ. ಮಾಂಸ ಮೆತ್ತಗಾಗಿಸಲು, ತೊಗಲು ಹದಮಾಡಲು ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಗಡಿಭಾಗದ ಮುಚ್ಚಂಡಿ ಊರಿನ ನನ್ನ ಶೆಡ್ಡಿನಲ್ಲಿ ಆ ಸೊನೆಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಉಪ್ಪು ಹಾಕಿ ಕಿಣ್ವವನ್ನು ತಳಕ್ಕಿಳಿಸಿ, ಒಣಗಿಸಿ ಕಳಿಸುತ್ತೇನೆ. ಶಾಲೆ ನನಗೆ ಇದನ್ನು ಕಲಿಸಲಿಲ್ಲ. ಮರಾಠಿ ಪುಸ್ತಕಗಳನ್ನು ಓದಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. ಕಿಣ್ವವನ್ನು ಒಂದು ಆಸರೆಗೆ ಕಚ್ಚಿಸಿ ನಿಲ್ಲಿಸಿದರೆ ಅದು ತೊಳೆದುಹೋಗದೆ ಮತ್ತೆ ಮತ್ತೆ ದುಡಿಯುತ್ತದೆ, ಆದರೆ ಅದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕು ಎಂದು ಖರೀದಿಗೆ ಬಂದ ತಜ್ಞರು ಹೇಳಿದ್ದರು. ಆ ಮಾತಿನ ಉತ್ತರಾರ್ಧವನ್ನು ನಾನು ನಂಬಿರಲಿಲ್ಲ.

ಸೋಸುವ ಕೆಲಸಕ್ಕೆ ಬರುತ್ತಿದ್ದವಳು ಆಡು-ಕುರಿ ಸಾಕುವವರ ಮನೆಯ ಹೊಸ ಸೊಸೆ. ಒಂದು ದಿನ ಅವಳ ಅತ್ತೆ ಬಂದು ಬಾಗಿಲಲ್ಲೇ ನಿಂತಳು.

"ಕಾಕಾರ, ನಾಳಿಂದ ಆಕಿ ಕೆಲಸಕ್ಕ ಬರಂಗಿಲ್ರಿ. ಅಸಂಗಿಗಿ ತವರಮನಿಗಿ ಕಳಸ್ತೀನಿ."

"ಯಾಕವ್ವ, ಏನಾತು?"

"ಆಕಿ ಸೋಸಿದ ಹಾಲು ಒಡದ ಹೋಗ್ತದ್ರಿ. ಬಾಯಾಗ ಹಾಕ್ಕೊಂಡ್ರ ಕಹಿ. ನಾ ಸೋಸಿದ್ದು ಚಲೋ ಇರ್ತದ. ಆಕಿ ಮೈಮ್ಯಾಲ ಏನೋ ಬಂದದ."

"ಬಂದದ್ದು ನಿನಗ ಕಂಡೈತೇನು? ಮೀಸಿ ಇದ್ವೋ, ಇಲ್ಲೋ?"

"ನಗಬ್ಯಾಡ್ರಿ. ನೀವ ಬಂದು ನೋಡ್ರಿ."

ಸಂಜೆ ಹಾಲು ಹಿಂಡುವ ಹೊತ್ತಿಗೆ ಹೋದೆ. ತವರಿಗೆ ಹೊರಡಲು ಕಟ್ಟಿದ ಗಂಟಿನ ಪಕ್ಕ ಸೊಸೆ ಕುಳಿತಿದ್ದಳು, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಎಂದಿನಂತೆಯೇ ಸೋಸು ಎಂದೆ. ಅತ್ತೆ ಸೋಸುವ ಜಾಲರಿಯಲ್ಲಿ ಆಡಿನ ಕೂದಲು ಇಳಿಯುತ್ತದೆಂದು ಸೊಸೆ ಬಟ್ಟೆ ಬಳಸುತ್ತಿದ್ದಳು. ಅದು ನನ್ನ ಶೆಡ್ಡಿನಿಂದ ಒಯ್ದು, ತೊಳೆದಿಟ್ಟುಕೊಂಡ ಹಳೆಯ ಬಟ್ಟೆ.

ಹಾಲು ಇಳಿಯಿತು. ಯಾರೂ ಮುಟ್ಟದ ಪಾತ್ರೆಯಲ್ಲಿ ಅದು ಮೆಲ್ಲಗೆ ದಪ್ಪಗಾಯಿತು, ಅಂಚಿನಲ್ಲಿ ನೀರು ಬಿಟ್ಟಿತು, ಬಳಿಕ ಒಳಗೊಳಗೇ ಮುದುಡಿತು. ಕಾರಣ ಊಹಿಸಿದ್ದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಬಟ್ಟೆಯನ್ನು ನಾನೇ ಉಜ್ಜಿ ತೊಳೆದು ಅತ್ತೆಯ ಕೈಗಿತ್ತೆ. "ಈಗ ನೀ ಸೋಸವ್ವ."

ಅವಳ ಕೈಯಲ್ಲೂ ಹಾಲು ಒಡೆಯಿತು. ಅವಳು ಬಟ್ಟೆಯನ್ನು ಹಾವು ಕೊಡವಿದಂತೆ ಕೊಡವಿ ಎಸೆದಳು.

ಒಣಗಿದ ಸೊನೆಯ ಅಂಟು ನೂಲಿನ ಸಂದಿಯಲ್ಲಿ ಕುಳಿತು ಕಿಣ್ವವನ್ನು ಹಿಡಿದುಕೊಂಡಿತ್ತು. ಯಾರೂ ಅದನ್ನು ಅಲ್ಲಿ ನಿಲ್ಲಿಸಿರಲಿಲ್ಲ. ತಾನಾಗಿಯೇ ನಿಂತು, ತಾನು ಸವೆಯದೆ ಹಾಲನ್ನು ಒಡೆಸುತ್ತಿತ್ತು. ಬಟ್ಟೆಯನ್ನು ಒಲೆಯ ಮೇಲೆ ಬಹಳ ಹೊತ್ತು ಕುದಿಸಿದೆ. ಮತ್ತೆ ಸೋಸಿದ ಹಾಲು ಹಾಲಾಗಿಯೇ ಉಳಿಯಿತು.

"ಸತ್ತಿತೇನ್ರಿ?" ಅತ್ತೆ ಕೇಳಿದಳು.

"ಅದು ಜೀವ ಅಲ್ಲವ್ವ."

"ಜೀವ ಇಲ್ಲದ್ದು ಇಷ್ಟ ದಿನ ಹೆಂಗ ಕೆಲಸ ಮಾಡ್ತು?"

ಪುಸ್ತಕದ ಉತ್ತರ ನನಗೆ ಬಾಯಿಪಾಠವಿತ್ತು. ಅದನ್ನು ಬಿಟ್ಟು, ಒಡೆದ ಹಾಲಿನ ಪಾತ್ರೆಯನ್ನು ಬದಿಗೆ ಸರಿಸಿದೆ.

"ಆತು, ಗಂಟು ಬಿಚ್ಚು. ಕಾಕಾರಿಗಿ ಚಹಾ ಇಡು," ಎಂದಳು ಅತ್ತೆ, ಸೊಸೆಯ ಮುಖ ನೋಡದೆ.

ಸೊಸೆ ಕೈಗಳನ್ನು ಸೆರಗಿನಿಂದ ತೆಗೆದಳು. ಆದರೆ ಒಡೆಯದೆ ಉಳಿದ ಹಾಲಿನ ಪಾತ್ರೆಯನ್ನು ಮುಟ್ಟಲಿಲ್ಲ. ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಜ್ಜಾರ, ಇವನ್ನೂ ಕುದಿಸಬೇಕೇನ್ರಿ?"

ನಗುತ್ತ ಕೇಳಿದಳೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆ ಎದ್ದು, ಅವಳ ಎರಡೂ ಕೈ ಹಿಡಿದೆಳೆದು ಪಾತ್ರೆಯನ್ನು ಅವುಗಳಲ್ಲಿಟ್ಟಳು. ಸೊಸೆ ಅದನ್ನು ಒಲೆಗೇರಿಸಿದಳು, ಹಾಲು ಒಡೆಯದೆ ಉಕ್ಕಿ ಬಂತು.